ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಗಂಬಗಳನ್ನು ನೋಡಲು ಹೋಗುವವರು ಏನನ್ನು ಗಮನಿಸಬೇಕು?

ಮೊದಲಿಗೆ ಕಾಲ. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಮಲ್ಪೆಯಿಂದ ದೋಣಿಗಳು ಹೊರಡುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಹಿತಕರ. ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ.

ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುವ ಈ ದ್ವೀಪವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ ಸೀಳಿದ್ದರಿಂದ ಐದು, ಆರು, ಏಳು ಮುಖಗಳ ಈ ಕಂಬಗಳು ಮೂಡಿದವು. ಇವನ್ನು ಬಸಾಲ್ಟ್ (ಲಾವಾದಿಂದಾಗುವ ಕಪ್ಪು ಶಿಲೆ) ಎಂದು ಅನೇಕರು ಬರೆಯುತ್ತಾರಾದರೂ, ಶಿಲೆಯು ವಾಸ್ತವದಲ್ಲಿ ಸಿಲಿಕಾ (ಮರಳಿನ ಮುಖ್ಯ ಅಂಶ) ಹೆಚ್ಚಿರುವ ರಯೋಲೈಟ್ ಎಂಬ ಲಾವಾ ಶಿಲೆಯ ಬಗೆಯದು.

ಕಡಲಿನ ಇಳಿತದ ವೇಳೆಗೆ ತಲುಪಿದರೆ, ಉಬ್ಬರದಲ್ಲಿ ಮುಳುಗುವ ಕಂಬಗಳ ತುದಿಗಳೂ ಕಾಣುತ್ತವೆ. ಆದರೆ ಪಾಚಿ ಹಿಡಿದ ಆ ಕಲ್ಲುಗಳು ವಿಪರೀತ ಜಾರುವುದರಿಂದ, ಛಾಯಾಚಿತ್ರಕ್ಕಾಗಿ ಅಂಚಿಗೆ ಹೋಗುವ ಚಟವನ್ನು (ಅದು ಎಲ್ಲರಿಗೂ ಇದೆ) ದಡದಲ್ಲೇ ಬಿಟ್ಟು ಬರುವುದು ಕ್ಷೇಮ. ಬಂಡೆಗಳಿರುವ ಕಡೆ ಈಜಬಾರದು. ಕಲ್ಲಿನ ಚೂರುಗಳನ್ನೂ ಚಿಪ್ಪುಗಳನ್ನೂ ಒಯ್ಯಬಾರದು, ಕಂಬಗಳ ಮೇಲೆ ಹೆಸರು ಕೆತ್ತಬಾರದು.