ಆಗುಂಬೆಗೇ ಯಾಕೆ ಅಷ್ಟು ಮಳೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಪುಟ್ಟ ಊರು. ತಾಲ್ಲೂಕು ಕೇಂದ್ರಕ್ಕಿಂತ ಅಲ್ಲಿ ಮಳೆ ಅಷ್ಟೊಂದು ಜಾಸ್ತಿ ಯಾಕೆ?

ಉತ್ತರ: ಊರು ಕೂತಿರುವ ಜಾಗ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆಗುಂಬೆ ಇರುವುದು ಪಶ್ಚಿಮ ಘಟ್ಟದ ಅಂಚಿನಲ್ಲಿ, ಸಮುದ್ರ ಮಟ್ಟದಿಂದ 600 ಮೀಟರ್‌ಗೂ ಮೇಲೆ. ಅರಬ್ಬಿ ಸಮುದ್ರದಿಂದ ನೀರಿನ ಆವಿ ಹೊತ್ತು ಬರುವ ಗಾಳಿಗೆ ಕರಾವಳಿಯಲ್ಲಿ ದೊಡ್ಡ ಅಡ್ಡಿ ಇಲ್ಲ, ಘಾಟಿಯ ಬುಡದಲ್ಲಿರುವ ಸೋಮೇಶ್ವರ ಎಂಬ ಊರು ದಾಟಿದ ಕೂಡಲೇ ಗೋಡೆಯಂಥ ಬೆಟ್ಟ ಎದುರಾಗುತ್ತದೆ, ಗಾಳಿ ಮೇಲೇರಲೇಬೇಕು, ಏರಿದಂತೆ ತಣ್ಣಗಾಗಿ ಮಳೆ ಸುರಿಸುತ್ತದೆ. ತೀರ್ಥಹಳ್ಳಿ ತಲುಪುವಷ್ಟರಲ್ಲಿ ಮೋಡದ ಭಾರ ಎಷ್ಟೋ ಇಳಿದಿರುತ್ತದೆ.

1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ 4,508 ಮಿಲಿಮೀಟರ್ ಮಳೆ ಬಿದ್ದಿತ್ತು. ಅಂದರೆ ನಾಲ್ಕೂವರೆ ಮೀಟರ್! ಮಳೆಗಾಲಕ್ಕೆ ಮೊದಲೇ ಈ ಭಾಗದ ಹಳೇ ಮನೆಗಳ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ, ಇಲ್ಲದಿದ್ದರೆ ಇರಚಲಿಗೆ ಮಣ್ಣು ಕರಗುತ್ತದೆ. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆಯೇ.

ನನಗೆ ತುಂಬ ಇಷ್ಟವಾದ ವಿಷಯ ಇನ್ನೊಂದಿದೆ. ಇದು ನೀರು ಕವಲೊಡೆಯುವ ಜಾಗ. ಪಶ್ಚಿಮಕ್ಕೆ ಇಳಿದ ಹನಿ ಸೀತಾನದಿ ಸೇರಿ ಬೇಗ ಅರಬ್ಬಿ ಸಮುದ್ರ ಮುಟ್ಟುತ್ತದೆ. ಪೂರ್ವಕ್ಕೆ ಹರಿದದ್ದು ತುಂಗೆ, ತುಂಗಭದ್ರೆ, ಕೃಷ್ಣೆ ಅಂತ ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಕ್ಕಪಕ್ಕ ಬಿದ್ದ ಎರಡು ಹನಿ, ಎಷ್ಟು ದೂರ ದೂರ ಅಲ್ವಾ?

ಈ ಕಾಡು ಕಾಳಿಂಗ ಸರ್ಪದ ನೆಲೆ ಕೂಡ. ಮಳೆಕಾಡಿನ ಅಧ್ಯಯನಕ್ಕೆ 2005ರಲ್ಲಿ ಇಲ್ಲೊಂದು ಸಂಶೋಧನಾ ಕೇಂದ್ರ ಶುರುವಾಯಿತು. ಹೋಗುವುದಾದರೆ ಘಾಟಿಯ 14 ತಿರುವುಗಳನ್ನು ಹಗಲಲ್ಲೇ ದಾಟಿ, ಮಂಜು ಕವಿದರೆ ಎದುರಿನ ಗಾಡಿಯೂ ಕಾಣುವುದಿಲ್ಲ.