ದರ ಏರಿದರೆ ನೀರು ಯಾರ ಮನೆಗೆ?

ಪ್ರಶ್ನೆ: 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಖಾಸಗಿ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ಕಟ್ಟಿತು. ಅದನ್ನು ಮಾರುಕಟ್ಟೆಗೇ ಬಿಡಬೇಕಿತ್ತು, ಅರ್ಥಶಾಸ್ತ್ರಕ್ಕೂ ನ್ಯಾಯ–ಅನ್ಯಾಯಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ ನಮ್ಮ ಮೇಷ್ಟ್ರು. ಸರಿಯೇ?
– ಬಿ.ಕಾಂ. ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಅರ್ಧ ಸರಿ. ಐದು ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂಪಾಯಿ ಎಂದು ಆಗ ಗೊತ್ತು ಮಾಡಿದ್ದರು. ಹೀಗೆ ದರ ಕಟ್ಟಿದರೆ ಏನಾಗಬಹುದು ಎಂಬುದನ್ನು ಶಾಸ್ತ್ರ ಹೇಳಬಲ್ಲದು: ಡೀಸೆಲ್, ಬೋರ್‌ವೆಲ್ ಖರ್ಚು ಗಿಟ್ಟದಿದ್ದರೆ ಟ್ಯಾಂಕರ್ ಓಡಾಟ ಕಡಿಮೆಯಾಗುತ್ತದೆ, ರಸೀದಿ ಕೇಳದೆ ಮೇಲೆ ಕೊಡುವವರ ಸಂಪಿಗೆ ನೀರು ಮೊದಲು ಬೀಳುತ್ತದೆ. ಇದನ್ನು ಅಂಕಿ ಹಿಡಿದು ಪರೀಕ್ಷಿಸಬಹುದು.

‘ಆದ್ದರಿಂದ ಬಿಡಬೇಕಿತ್ತು’ ಎಂದ ಕೂಡಲೇ ನೀತಿಯ ಮಾತು ಶುರುವಾಯಿತು. ಇರುವುದೊಂದೇ ಟ್ಯಾಂಕರ್ ಎನ್ನಿ. ತಿಂಗಳಿಗೆ ಎರಡು ಲಕ್ಷ ಆದಾಯದ ಮನೆಯವರು 1,800 ರೂಪಾಯಿ ಕೊಡಲು ತಯಾರು. 20,000 ದುಡಿಯುವ ವಠಾರದ ಸಂಸಾರ 700ರ ಮೇಲೆ ಕೊಡಲಾರದು. ನೀರು 1,800ರ ಮನೆಗೆ ಹೋದರೆ ದಕ್ಷ ಹಂಚಿಕೆ ಎನ್ನುತ್ತದೆ ಪಠ್ಯಪುಸ್ತಕ. ಆದರೆ 1,800 ಮೊದಲ ಮನೆಯ ಆದಾಯದ ಶೇ 0.9, 700 ಎರಡನೆಯದರ ಶೇ 3.5. ಆದಾಯ ಹತ್ತು ಪಟ್ಟು ಕಡಿಮೆ ಇರುವವರ ರೂಪಾಯಿಗೆ ಹತ್ತು ಪಟ್ಟು ತೂಕ ಕೊಟ್ಟರೆ ಆ 700 ಏಳು ಸಾವಿರವಾಗುತ್ತದೆ, ತೀರ್ಪು ತಿರುಗುತ್ತದೆ. ತೂಕವೇ ಬೇಡ ಎಂದರೂ ಎಲ್ಲರ ರೂಪಾಯಿಗೂ ಒಂದೇ ತೂಕ ಕೊಟ್ಟಂತಾಯಿತು. ಅದೂ ನೈತಿಕ ಆಯ್ಕೆಯೇ.

ಒಬ್ಬರ ತೃಪ್ತಿಯನ್ನು ಇನ್ನೊಬ್ಬರದರ ಜೊತೆ ಹೋಲಿಸಲು ವಿಜ್ಞಾನದ ಆಧಾರವಿಲ್ಲ ಎಂದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಲಯೊನೆಲ್ ರಾಬಿನ್ಸ್ 1932ರಲ್ಲಿ ವಾದಿಸಿದರು. ಹಾಗೆ ಹೋಲಿಸದೆಯೇ ನೀತಿಯೊಂದನ್ನು ತೂಗುವ ದಾರಿಯನ್ನು 1939ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಹುಡುಕಿದರು: ಅದರಿಂದ ಗೆದ್ದವರು ಸೋತವರ ನಷ್ಟ ತುಂಬಿಯೂ ಲಾಭದಲ್ಲಿ ಉಳಿಯುವಂತಿದ್ದರೆ ಸಾಕು. ನಿಜವಾಗಿ ತುಂಬಿಕೊಡಬೇಕೆಂದಿಲ್ಲ! ಇಂದಿನ ಲಾಭ–ವೆಚ್ಚದ ಲೆಕ್ಕ ನಿಂತಿರುವುದು ಇದರ ಮೇಲೆ. ವಠಾರಕ್ಕೆ ಕಾಗದದ ಮೇಲಿನ ಪರಿಹಾರದಿಂದ ಒಂದು ಕೊಡ ನೀರೂ ಬರುವುದಿಲ್ಲ. ಬಡ ಬಡಾವಣೆಗಳಿಗೆ ಜಲಮಂಡಳಿಯೇ ಇಷ್ಟು ಲೀಟರ್ ಎಂದು ಮೊದಲು ಮುಟ್ಟಿಸಿ, ಉಳಿದ ನೀರಿನ ದರವನ್ನು ಸಡಿಲ ಬಿಡುವುದು ನಮಗೆ ಸರಿ ಕಾಣುತ್ತದೆ.

ಪ್ರಶ್ನೆ: ಕೆರೆ ಉಳಿಸುವಂಥ ದೀರ್ಘಕಾಲದ ಯೋಜನೆಯ ವರದಿಯಲ್ಲಿ ಮೊದಲು ಏನು ನೋಡಬೇಕು?
– ಓದುಗರು, ಯಲಹಂಕ

ಉತ್ತರ: ಡಿಸ್ಕೌಂಟ್ ದರ, ಅಂದರೆ ಮುಂದೆ ಸಿಗುವ ಹಣದ ಇಂದಿನ ಬೆಲೆ ಲೆಕ್ಕ ಹಾಕಲು ವರ್ಷಕ್ಕೆ ಶೇಕಡಾ ಇಷ್ಟು ಎಂದು ಇಳಿಸುವ ದರ. ನೂರು ವರ್ಷದ ನಂತರ ಸಿಗುವ 100 ಕೋಟಿಯ ಇಂದಿನ ಬೆಲೆ ಶೇ 5ರ ದರದಲ್ಲಿ ಸುಮಾರು 76 ಲಕ್ಷ, ಶೇ 1.4ರಲ್ಲಿ ಸುಮಾರು 25 ಕೋಟಿ. ಹವಾಮಾನದ ಕುರಿತ 2006ರ ವರದಿಯಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಬಳಸಿದ್ದು ಸುಮಾರು 1.4. ತಡವಾಗಿ ಹುಟ್ಟಿದರೆಂಬ ಕಾರಣಕ್ಕೇ ಮುಂದಿನವರನ್ನು ಕಡಿಮೆ ಎಣಿಸುವುದು ನ್ಯಾಯವಲ್ಲ ಎಂದು ಅವರು ತೆರೆದೇ ಹೇಳಿದ್ದರು. ನಿಮ್ಮ ವರದಿಯಲ್ಲಿ ಒಂದೇ ದರವಿದ್ದರೆ, ಇನ್ನೊಂದು ದರದಲ್ಲೂ ಲೆಕ್ಕ ತೋರಿಸಿ ಎಂದು ಆಕ್ಷೇಪಣೆ ಸಲ್ಲಿಸುವಾಗಲೇ ಬರೆದು ಕೇಳಿ.