ವಾರಕ್ಕೆ ಎರಡೇ ಸಾವಿರ ಅಂತ ಮಿತಿ ಹಾಕಿಕೊಂಡಿದ್ದೆ

ಪ್ರಶ್ನೆ: ಸರ್, ನನಗೆ 34 ವರ್ಷ. ದಾವಣಗೆರೆಯಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಮೊದಲು ಮೊಬೈಲ್‌ನಲ್ಲಿ ರಮ್ಮಿ ಆಡುತ್ತಿದ್ದೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ಆಟ ನಿಂತಿತು. ಒಂದು ತಿಂಗಳು ಸುಮ್ನಿದ್ದೆ. ಈಗ ಭಾನುವಾರ ಹರಿಹರದ ಕಡೆ ಒಂದು ತೋಟದಲ್ಲಿ ಅಂದರ್ ಬಾಹರ್ ಇಸ್ಪೀಟು. ಬಿಡೋಕೆ ಆಗಲ್ಲ ಅಂತ ಶಿಸ್ತು ಮಾಡಿಕೊಂಡೆ, ವಾರಕ್ಕೆ 2,000 ಮಾತ್ರ. ಎಂಟು ವಾರ ಸರಿಯಾಗಿತ್ತು. ಒಂಬತ್ತನೇ ವಾರ 38,000 ಹೋಯಿತು, ಚೀಟಿ ಕಂತಿನ ದುಡ್ಡೂ ಸೇರಿ. ಇನ್ನೂ ಗಟ್ಟಿ ಶಿಸ್ತು ಹೇಗೆ ತರೋದು? ಹೆಂಡತಿಗೆ ಗೊತ್ತಿಲ್ಲ. ಹೇಳಲಾ, ಬೇಡವಾ?
– ಹೆಸರು ಬೇಡ

ಉತ್ತರ: ತಮ್ಮಾ, ನಿಮ್ಮ ಎಂಟು ವಾರದ ಶಿಸ್ತು ನನಗೆ ಚೆನ್ನಾಗಿ ಗೊತ್ತು. ನಾನು 26 ವರ್ಷ ಎಪಿಎಂಸಿಯ ದಲಾಲಿ ಮಂಡಿಯಲ್ಲಿ ಗುಮಾಸ್ತನಾಗಿದ್ದವನು. ಅದರಲ್ಲಿ 11 ವರ್ಷ ಓಸಿ, ಅಂದರೆ ಮಟ್ಕಾ ನಂಬರ್ ಜೂಜು, ಬರೆಸಿದ್ದೇನೆ. ರೈತರ ಮೆಕ್ಕೆಜೋಳದ ಲೆಕ್ಕ ಪೈಸೆಗೆ ಪೈಸೆ ಸರಿ ಇಡುತ್ತಿದ್ದೆ. ಅದೇ ಪೆನ್ನಿನಲ್ಲಿ ನನ್ನ ನಂಬರ್‌ಗಳನ್ನೂ ಬರೆಯುತ್ತಿದ್ದೆ. ನನಗೂ ಮಿತಿ ಇತ್ತು, ದಿನಕ್ಕೆ 50 ರೂಪಾಯಿ.

ಒಂದು ಸಂಜೆ 46 ಬರೆಸಿದ್ದೆ, 47 ಬಂತು. ಸೋತವನು ಬೇಜಾರಾಗಬೇಕು ಅಲ್ವಾ? ನನಗೆ ಖುಷಿ! ಒಂದರಲ್ಲಿ ತಪ್ಪಿತು, ಹತ್ತಿರ ಬಂದಿದ್ದೀನಿ ಅಂತ. ಮಾರನೇ ದಿನ 300 ರೂಪಾಯಿದು ಬರೆಸಿದೆ. 46ಕ್ಕೂ 47ಕ್ಕೂ ನಂಟೇ ಇಲ್ಲ, ನಿನ್ನೆ ಬಂದ ನಂಬರ್ ಇವತ್ತಿನದಕ್ಕೆ ದಾರಿ ತೋರಿಸಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಬರೆಸಿದ ನಂಬರ್ ಬಂದರೆ ನನ್ನ ಏಜೆಂಟ್ ರೂಪಾಯಿಗೆ 80 ಕೊಡುತ್ತಿದ್ದ. ಇರೋದು ನೂರು ನಂಬರ್. ನೂರಕ್ಕೂ ಒಂದೊಂದು ರೂಪಾಯಿ ಹಾಕಿದರೆ ವಾಪಸ್ ಬರೋದು 80. ಇಷ್ಟು ಲೆಕ್ಕ ಮಂಡಿ ಗುಮಾಸ್ತನಿಗೆ ಬರಲ್ಲವಾ!

ನಿಮ್ಮ ಅಂದರ್ ಬಾಹರ್ ಹೆಚ್ಚುಕಡಿಮೆ ಅರ್ಧಕ್ಕರ್ಧದ ಆಟ. ಆದರೆ ಆಡಿಸುವವನು ಗೆದ್ದವರ ಹತ್ತಿರ ಕಮಿಷನ್ ಹಿಡಿಯುತ್ತಾನೆ. ನೂರಕ್ಕೆ ಐದು ಅಂತಲೇ ಇಟ್ಟುಕೊಳ್ಳಿ. ನೂರು ರೂಪಾಯಿಯಂತೆ ನೂರು ಆಟ ಆಡಿ, ಐವತ್ತು ಗೆದ್ದು ಐವತ್ತು ಸೋತರೂ 250 ರೂಪಾಯಿ ಕೈಬಿಟ್ಟಿರುತ್ತೆ. ಇದರ ಮೇಲೆ ಪೊಲೀಸರು ಬಂದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಕೇಸು.

ಗಟ್ಟಿ ಶಿಸ್ತು ಕೇಳಿದ್ದೀರಿ. ಮಿತಿ ಹಾಕಿಕೊಳ್ಳುವವರು ಶನಿವಾರ ರಾತ್ರಿ ಮನೆಯಲ್ಲಿ ಕೂತ ನೀವು. ಅದನ್ನು ಮುರಿಯುವವರು ಭಾನುವಾರ ಸಂಜೆ ಐದು ಗಂಟೆಗೆ 2,000 ಕಳಕೊಂಡು ಕೂತ ನೀವು. ಇಬ್ಬರೂ ಒಂದೇ ಮನುಷ್ಯ ಅಂತ ನಂಬಬೇಡಿ. ಧರ್ಮರಾಯನಿಗೆ ಸೋತದ್ದೆಲ್ಲಾ ವಾಪಸ್ ಸಿಕ್ಕಿತ್ತು. ಆದರೂ ದಾರಿಯಲ್ಲಿ ಕರೆದರೆ ತಿರುಗಿ ಬಂದು ಮತ್ತೆ ಆಡಿದ.

ಅದಕ್ಕೇ ಶಿಸ್ತು ಆಟದಲ್ಲಿ ಬೇಡ, ದುಡ್ಡಿನ ದಾರಿಯಲ್ಲಿ ಇಡಿ. ನಾನು ಸಾವಕಾರರ ಮುಂದೆ ನಿಂತು, ಸಂಬಳ ನನ್ನ ಕೈಗೆ ಕೊಡಬೇಡಿ, ಮನೆಯವಳಿಗೆ ಕೊಡಿ ಅಂದೆ. ಅವತ್ತಿನ ನಾಚಿಕೆ ಇನ್ನೂ ನೆನಪಿದೆ. ನೀವೇ ಸಾವಕಾರರು, ಹಾಗಾಗಿ ಇನ್ನೂ ಕಷ್ಟ. ಅಂಗಡಿಯ ಕ್ಯೂಆರ್ ಕೋಡ್ ಹೆಂಡತಿಯ ಖಾತೆಗೆ ಮಾಡಿಸಿ. ನಿಮ್ಮ ಫೋನಿನಿಂದ ಯುಪಿಐ ತೆಗೆಯಿರಿ, ಎಟಿಎಂ ಕಾರ್ಡ್ ಅವರ ಹತ್ತಿರ ಇರಲಿ. ದಿನದ ಖರ್ಚಿಗೆ ನಗದು ಇಸಕೊಳ್ಳಿ. ತೋಟದ ಗೆಳೆಯರ ವಾಟ್ಸ್ಆಪ್ ಗುಂಪು ಇವತ್ತೇ ಬಿಡಿ. ಹೋದ 38,000 ವಾಪಸ್ ತರಲು ಮಾತ್ರ ಹೋಗಬೇಡಿ, ನನ್ನ ಸಾಲದಲ್ಲಿ ಮುಕ್ಕಾಲು ಪಾಲು ಆ ಆಸೆಯದೇ.

ಭಾನುವಾರ ಸಂಜೆ ಕೈಕಾಲು ಚಡಪಡಿಸುತ್ತೆ. ನಾನು ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತಿದ್ದೆ, ಜೇಬಲ್ಲಿ ಮಂಡಕ್ಕಿ ಮಿರ್ಚಿಗೆ ಆಗುವಷ್ಟೇ ದುಡ್ಡು. ಒಂದೂವರೆ ತಾಸು ದೂಡಿದರೆ ಆ ಹಸಿವು ಇಳಿಯುತ್ತಿತ್ತು. ಆದರೂ ಎರಡು ಸಲ ಜಾರಿದ್ದೇನೆ. ಆ ರಾತ್ರಿಯೇ ಮನೆಯವಳಿಗೆ ಹೇಳಿದ್ದರಿಂದ ಅದು ಅಷ್ಟಕ್ಕೇ ನಿಂತಿತು.

ಒಬ್ಬರಿಂದಲೇ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಚಟವನ್ನು ಕುಡಿತದ ಚಟದ ಅಧ್ಯಾಯದಲ್ಲೇ ಕಾಯಿಲೆ ಅಂತ ಬರೆದಿದೆ. ಮನೋವೈದ್ಯರ ಹತ್ತಿರ ಹೋಗೋಕೆ ಸಂಕೋಚ ಬೇಡ.

ಹೆಂಡತಿಗೆ ಹೇಳಿ. ಆದರೆ ಪೂರ್ತಿ ಹೇಳಿ. ನಾನು 60,000 ಸಾಲ ಅಂದೆ. ಇದ್ದದ್ದು 1,10,000. ಉಳಿದದ್ದನ್ನು ತಿಂಗಳೊಪ್ಪತ್ತಿನಲ್ಲಿ ಸಾಲ ಕೊಟ್ಟವನೇ ಬಾಗಿಲಿಗೆ ಬಂದು ಹೇಳಿದ. ಮೊದಲನೇ ಸಲ ಅತ್ತವಳು ಎರಡನೇ ಸಲ ಅಳಲಿಲ್ಲ, ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತಳು. ಅದಕ್ಕೇ ಹೇಳೋದು, ಮಾತಿಗೆ ಕೂರುವ ಮೊದಲು ಯಾರಿಗೆ ಎಷ್ಟು ಅಂತ ಎಲ್ಲಾ ಒಂದು ಹಾಳೆಯಲ್ಲಿ ಬರೆಯಿರಿ, ಆ ಚೀಟಿ ಕಂತನ್ನೂ ಸೇರಿಸಿ.